ಪಾಲಿಶ್‌ಗೆ ಮೊದಲೇ ತಂತಿ ಕಟ್ಟಿ: ಫ್ಲಮೆಂಕೊ ಗಿಟಾರಿನ ದನಿ ತಿದ್ದಿದ ನನ್ನ ಅನುಭವ

ಬಾಕ್ಸ್ ಮುಚ್ಚಿ, ಬ್ರಿಡ್ಜ್ (ತಂತಿ ಕಟ್ಟುವ ಮರದ ತುಂಡು) ಅಂಟಿಸಿದ ಮೇಲೆ ಟಾಪ್ (ಮುಂದಿನ ಹಲಗೆ) ಮುಟ್ಟಬೇಡ ಅಂತ ನನಗೆ ಹೇಳದವರಿಲ್ಲ. ಹಾಳಾಗುತ್ತದೆ, ದುಡ್ಡು ದಂಡ, ಸುಮ್ನೆ ಇನ್ನೊಂದು ಕಟ್ಟು ಅಂದರು. ಈಗ ನಾಲ್ಕೈದು ಗಿಟಾರ್‌ಗಳ ಟಾಪನ್ನು ಬಾಕ್ಸ್ ಮುಚ್ಚಿದ ಮೇಲೇ ಕೆರೆದು ತಿದ್ದಿದ್ದೇನೆ. ಅನುಮಾನ ಪಟ್ಟವರಲ್ಲೇ ಒಬ್ಬರು ಒಂದನ್ನು ಕೊಂಡುಕೊಂಡರು! ಹಾಗಾಗಿ ಬರೆಯುವ ಧೈರ್ಯ ಬಂತು. ಗಿಟಾರ್ ಕಟ್ಟುವುದು ಹೇಗೆ ಅನ್ನುವುದು ಇಲ್ಲಿಲ್ಲ, ಅದು ನಿಮಗೆ ಗೊತ್ತಿರುವುದೇ.

ನನ್ನ ಮೊದಮೊದಲ ಗಿಟಾರ್‌ಗಳು ನೋಡಲು ಬ್ಲಾಂಕಾ (ಸ್ಪೇನಿನ ಫ್ಲಮೆಂಕೊ ಸಂಗೀತದ ಬಿಳಿ ಮರದ ಗಿಟಾರ್), ಕೇಳಲು ಕ್ಲಾಸಿಕಲ್. ಸೈಪ್ರೆಸ್ ಬ್ಯಾಕ್, ಟಾಪಿನ ಒಳಗೆ ಏಳು ಬ್ರೇಸ್ (ಆಧಾರದ ಮರದ ಪಟ್ಟಿ), ಬ್ರಿಡ್ಜ್ ಹತ್ತಿರ ತಂತಿ ಎಂಟು ಮಿಲಿಮೀಟರ್ ಎತ್ತರ. ಅಳತೆಯಲ್ಲಿ ತಪ್ಪಿಲ್ಲ. ಆದರೆ ಒಂದು ಸ್ವರ ಮೀಟಿದರೆ ಕಾರ್ವೆ ಮುಗಿಯುವುದೇ ಇಲ್ಲ. ವೀಣೆಗೆ ಅದು ಬೇಕು. ಬುಲೆರಿಯಾ (ವೇಗದ ಫ್ಲಮೆಂಕೊ ಲಯ) ನುಡಿಸುವವನಿಗೆ ಅದು ಕಾಟ. ರಸ್ಗೆಯಾದೊದಲ್ಲಿ (ಬೆರಳು ಬಿಡಿಸಿ ಎಲ್ಲ ತಂತಿಗಳ ಮೇಲೆ ಬಾರಿಸುವಾಗ) ಒಂದೊಂದು ಬೆರಳಿನ ಹೊಡೆತವೂ ಬೇರೆಯಾಗಿ ಕೇಳಬೇಕು, ಅಲ್ವಾ? ನನ್ನದರಲ್ಲಿ ಎಲ್ಲ ಕಲಸಿದ ಅನ್ನ.

ಟಾಪನ್ನು ಮೊದಲೇ ತೆಳು ಮಾಡಿಯೂ ನೋಡಿದೆ. ಇಡೀ ಹಲಗೆ 1.8 ಮಿಲಿಮೀಟರ್. ಶುರುವಿನಲ್ಲಿ ಭಾರೀ ಸದ್ದು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬ್ರಿಡ್ಜ್ ಮುಂದೆ ತಗ್ಗು, ಹಿಂದೆ ಉಬ್ಬು. ನೈಲಾನ್ ತಂತಿ ಅಂದರೂ ಒಟ್ಟು ಎಳೆತ 40 ಕೆಜಿ ಹತ್ತಿರ ಇರುತ್ತದೆ. ಯುರೋಪಿನ ಸ್ಪ್ರೂಸ್ ಸೆಟ್ಟಿಗೆ ಸಾಗಣೆ, ಕಸ್ಟಮ್ಸ್ ಸೇರಿ ಎಂಟೊಂಬತ್ತು ಸಾವಿರ ಬಿದ್ದಿತ್ತು. ಅಂಥ ಎರಡು ಮೂರು ಟಾಪ್ ಹೀಗೇ ಹೋದವು. ಸೈಪ್ರೆಸ್, ಪೆಗ್, ಫ್ರೆಟ್ ಎಲ್ಲ ಸೇರಿದರೆ ಗಿಟಾರೊಂದಕ್ಕೆ ಸಾಮಾನಿನ ಖರ್ಚೇ 40 ಸಾವಿರ ಮುಟ್ಟುತ್ತದೆ. ಕೆಲಸದ ಕೂಲಿ ಲೆಕ್ಕ ಹಾಕುವುದನ್ನು ಯಾವಾಗಲೋ ಬಿಟ್ಟಿದ್ದೇನೆ.

ಈಗ ಮಾಡುವುದು ಹೀಗೆ. ನಡುವೆ 2.2, ಅಂಚಿನಲ್ಲಿ 2 ಇಟ್ಟು ಬಾಕ್ಸ್ ಮುಚ್ಚುತ್ತೇನೆ. ಪಾಲಿಶ್ ಇಲ್ಲದ ಬಿಳಿ ಮರಕ್ಕೇ ತಂತಿ ಕಟ್ಟಿ ಎರಡು ವಾರ ನುಡಿಸುತ್ತೇನೆ. ಮರ ಎಳೆತಕ್ಕೆ ಒಗ್ಗುವ ಮೊದಲು ಕೇಳಿದ ದನಿಯನ್ನು ನಂಬಬೇಡಿ. ಆಮೇಲೆ ತಂತಿಗಳನ್ನು ಬಟ್ಟೆಯಿಂದ ಅದುಮಿ, ಬೆರಳ ಗೆಣ್ಣಿನಿಂದ ಬ್ರಿಡ್ಜ್ ತಟ್ಟಿ, ಮೊಬೈಲಿನ ಸ್ಪೆಕ್ಟ್ರಮ್ ಆ್ಯಪ್‌ನಲ್ಲಿ ನೋಡುತ್ತೇನೆ. ಒಳಗಿನ ಗಾಳಿಯ ಸ್ವರ ಎಫ್ ಶಾರ್ಪ್‌ಗೂ ಜಿಗೂ ಆಸುಪಾಸು, ಅಂದರೆ 95 ಹರ್ಟ್ಸ್ ಸುತ್ತ ಸಿಕ್ಕರೆ ಸಾಕು. ತಲೆನೋವು ಟಾಪಿನ ಸ್ವರದ್ದು. ನನ್ನವು ಸಾಮಾನ್ಯವಾಗಿ 210ರ ಹತ್ತಿರ ಹುಟ್ಟುತ್ತವೆ. ಅದನ್ನು 190ಕ್ಕೆ ಇಳಿಸಬೇಕು. ಆಗ ಅದು ಎಫ್ ಶಾರ್ಪ್‌ಗೂ ಜಿಗೂ ನಡುವೆ ಕೂರುತ್ತದೆ. ಸರಿಯಾಗಿ ಸ್ವರದ ಮೇಲೇ ಕೂತರೆ ಆ ಒಂದು ಸ್ವರ ಕಿರುಚಿ ತಟ್ಟನೆ ಸಾಯುತ್ತದೆ.

ಕೆರೆಯುವ ಮೊದಲು ಬ್ರಿಡ್ಜ್ ಮೇಲೆ ಬ್ಲೂ ಟ್ಯಾಕ್‌ನಲ್ಲಿ (ಮತ್ತೆ ಕಿತ್ತು ತೆಗೆಯಬಹುದಾದ ಅಂಟುಮುದ್ದೆ) ಒಂದು ರೂಪಾಯಿ ನಾಣ್ಯ ಅಂಟಿಸಿ ನೋಡಿ. ಸುಮಾರು ಮೂರು ನಾಲ್ಕು ಗ್ರಾಂ ತೂಕ. ಟಾಪಿನ ಸ್ವರ ಸ್ವಲ್ಪ ಕೆಳಗಿಳಿದರೆ ಯಾವ ಸ್ವರ ಕೆಡುತ್ತದೆ ಅಂತ ಪುಕ್ಕಟೆಯಾಗಿ ಗೊತ್ತಾಗುತ್ತದೆ.

ನಂತರ ತಂತಿ ಸಡಿಲಿಸಿ, ದಪ್ಪ ತಂತಿಯ ಕಡೆ, ಕೆಳಗಿನ ಹೊಟ್ಟೆಯ (ಬ್ರಿಡ್ಜ್ ಇರುವ ಅಗಲ ಭಾಗದ) ಅಂಚನ್ನು ಸ್ಕ್ರೇಪರ್‌ನಿಂದ ಕೆರೆಯುತ್ತೇನೆ. ಲೈನಿಂಗ್ (ಟಾಪನ್ನು ಪಕ್ಕದ ಹಲಗೆಗೆ ಸೇರಿಸುವ ಒಳಪಟ್ಟಿ) ದಾಟಿ ಒಳಗೆ ಎರಡು ಬೆರಳಗಲದ ಪಟ್ಟಿ ಅಷ್ಟೇ. 2ರಿಂದ 1.7ಕ್ಕೆ. ಸಣ್ಣ ತಂತಿಯ ಕಡೆ ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ, ಮುಟ್ಟಿದರೆ ಪಿಕಾದೊ (ಎರಡು ಬೆರಳಲ್ಲಿ ಒಂದೊಂದೇ ಸ್ವರ ಬೇಗ ಮೀಟುವುದು) ಮೊಂಡಾಗುತ್ತದೆ. ಮುಚ್ಚಿದ ಬಾಕ್ಸಿನ ಹಲಗೆಯ ದಪ್ಪ ಅಳೆಯುವ ಮ್ಯಾಗ್ನೆಟ್ ಗೇಜ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಒಮ್ಮೆ ಕೆರೆದರೆ ಶ್ರುತಿಗೆ ತಂದು ಒಂದು ರಾತ್ರಿ ಬಿಡಿ. ಅಂಚು ಸಡಿಲವಾದಷ್ಟೂ ಹಲಗೆ ಬೇಗ ಅಲುಗುತ್ತದೆ, ತಂತಿಯ ಶಕ್ತಿ ಬೇಗ ಹೊರಗೆ ಬರುತ್ತದೆ. ದನಿ ಜೋರಾಗುತ್ತದೆ, ಕಾರ್ವೆ ಮೊಟಕಾಗುತ್ತದೆ.

ಬೀಟೆ ಮರದ ಬ್ರಿಡ್ಜನ್ನೂ 22 ಗ್ರಾಂನಿಂದ 16ಕ್ಕೆ ಇಳಿಸಿದೆ. ಹಗುರಾದಾಗ ಟಾಪ್ ಸ್ವರ ಮತ್ತೆ ಮೇಲೇರುತ್ತದೆ. ಹಾಗಾಗಿ ಬ್ರಿಡ್ಜ್ ಮೊದಲು, ಅಂಚು ಆಮೇಲೆ. ಕೊನೆಗೆ ಸೌಂಡ್ ಹೋಲ್‌ನಿಂದ ಕೈ ಹಾಕಿ ಎರಡು ಬ್ರೇಸ್‌ಗಳ ತುದಿಯನ್ನು ಉಪ್ಪುಕಾಗದದಿಂದ ಉಜ್ಜುತ್ತೇನೆ. ಯಾವ ಎರಡು, ಎಷ್ಟು ದೂರ ಅನ್ನುವುದು ನನ್ನ ಹತ್ತಿರವೇ ಇರಲಿ. ಅದಕ್ಕೆ ನಾನು ಕಳೆದ ದುಡ್ಡು ಕಡಿಮೆಯಲ್ಲ.

ನಡುವೆ ಬ್ಯಾಕ್‌ಗೆ ಹಲಸಿನ ಮರ ಹಾಕುವ ಹುಚ್ಚೂ ಹಿಡಿದಿತ್ತು. ಸ್ಪೇನಿನ ಹೆಸರಾಂತ ಗಿಟಾರ್ ತಯಾರಕ ಟೊರೆಸ್ 1862ರಲ್ಲಿ ರಟ್ಟಿನ ಬ್ಯಾಕ್ ಹಾಕಿ ಗಿಟಾರ್ ಕಟ್ಟಿ, ದನಿ ಇರುವುದು ಟಾಪಿನಲ್ಲಿ ಅಂತ ತೋರಿಸಿದವರು. ರಟ್ಟೇ ನಡೆದರೆ ವೀಣೆಯ ಹಲಸು ಯಾಕೆ ಆಗಬಾರದು? ಬಣ್ಣವೂ ಸೈಪ್ರೆಸ್ ಥರ ಹಳದಿ. ಬಗ್ಗಿಸುವಾಗ ಗಿಟಾರಿನ ಸೊಂಟದ ಹತ್ತಿರ ಸಿಗಿದು ಪ್ರಾಣ ತಿಂದಿತು. ಆದರೂ ಒಂದು ಮುಗಿಸಿದೆ. ದನಿ ಪರವಾಗಿಲ್ಲ, ಸೈಪ್ರೆಸ್ಸಿನ ಆ ಒಣ ಗುಣ ಮಾತ್ರ ಬರಲಿಲ್ಲ. ಅದು ಮನೆಯಲ್ಲೇ ಇದೆ, ಮಾರುವುದಿಲ್ಲ.

ಬೆಂಗಳೂರಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಈ ಕೆಲಸ ಮಾಡಲು ಡಿಹ್ಯೂಮಿಡಿಫೈಯರ್ ಬೇಕೇ ಬೇಕು. ಗಾಳಿಯ ತೇವ ಶೇ. 50ರ ಒಳಗೆ ಇಲ್ಲದಿದ್ದರೆ ಇವತ್ತಿನ 190 ಬೇಸಿಗೆಯಲ್ಲಿ ಎಲ್ಲಿರುತ್ತದೋ ಹೇಳಲಾಗದು. ಅರಗಿನ ಪಾಲಿಶ್ ಹತ್ತಿದ ಮೇಲೂ ದನಿ ಚೂರು ಬಿಗಿಯಾಗುತ್ತದೆ, ಅದಕ್ಕಾಗಿ ಎರಡು ಮೂರು ಹರ್ಟ್ಸ್ ಕೆಳಗೇ ನಿಲ್ಲಿಸುತ್ತೇನೆ. ಕಳೆದ ಗಿಟಾರ್ ಒಂದು ಲಕ್ಷ ಇಪ್ಪತ್ತಕ್ಕೆ ಹೋಯಿತು. ಮೂರನೇ ತಂತಿ ಇನ್ನೂ ಸ್ವಲ್ಪ ಮಂಕು, ಅದಕ್ಕೆ ಈಗ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ಪಟ್ಟಿ) ಬದಲಿಸಿ ನೋಡುತ್ತಿದ್ದೇನೆ.