ದ್ವೀಪದ ವೈನ್‌ಗಳು: ಮದೇರಾದಿಂದ ಶುರು ಮಾಡಿದ್ದೇ ಸರಿ ಆಯ್ತು (ನನ್ನ ಅನುಭವ)

ನಮ್ಮ ಬೆಂಗಳೂರಿನ ಟೇಸ್ಟಿಂಗ್ ಗುಂಪಲ್ಲಿ ದ್ವೀಪದ ವೈನ್ ಅಂದ್ರೆ ಎಲ್ರೂ ಗ್ರೀಸಿನ ಸಾಂಟೊರಿನಿ ಅಂತಾರೆ. ನಾನು ಮದೇರಾದಿಂದ (ಪೋರ್ಚುಗಲ್‌ನ ದ್ವೀಪ, ಅಲ್ಲಿನ ಬ್ರಾಂಡಿ ಥರದ ಸ್ಪಿರಿಟ್ ಬೆರೆಸಿದ ವೈನಿಗೂ ಅದೇ ಹೆಸರು) ಶುರು ಮಾಡೋಣ ಅಂದಾಗ "ಏನ್ ಗುರು, ಅದು ಸಾಸಿಗೆ ಹಾಕೋ ವೈನು" ಅಂತ ನಕ್ಕಿದ್ರು. ಈಗ ಅದೇ ಜನ ಸೆರ್ಸಿಯಲ್ (ಮದೇರಾದಲ್ಲೇ ಸಿಹಿ ಕಮ್ಮಿ ಇರೋ ಬಗೆ) ಇನ್ನೂ ಉಳಿದಿದ್ಯಾ ಅಂತ ಮೆಸೇಜ್ ಹಾಕ್ತಾರೆ, ಅದಕ್ಕೇ ಬರೀತಿದೀನಿ.

ಮೊದ್ಲು ಅವ್ರು ಹೇಳಿದ ದಾರೀಲೇ ಹೋಗಿ ದುಡ್ಡು ಕಳ್ಕೊಂಡಿದ್ದಾಯ್ತು. ಸಾಂಟೊರಿನಿಯ ಬಿಳಿ ವೈನ್ ಅಸಿರ್ಟಿಕೊ ಬಾಟ್ಲಿ ಅಲ್ಲೇ 35-40 ಯೂರೋ, ಪರಿಚಯದವ್ರ ಕೈ ಕಾಲು ಹಿಡಿದು ತರಿಸಿ, ತಣ್ಣಗೆ ಮಾಡಿ ತೆಗೆದ್ರೆ ಅರ್ಧ ಜನ "ನಿಂಬೆಹಣ್ಣಿಗೆ ಉಪ್ಪು ಹಚ್ಚಿ ನೆಕ್ಕಿದಂಗಿದೆ" ಅಂತ ಗ್ಲಾಸ್ ಪಕ್ಕಕ್ಕಿಟ್ರು. ಮಾರನೇ ದಿನ ತಳದಲ್ಲಿ ಉಳಿದಿದ್ದು ಎಷ್ಟು ಚೆನ್ನಾಗಿತ್ತು ಅಂದ್ರೆ, ಆದ್ರೆ ಕುಡಿಯೋಕೆ ನಾನೊಬ್ನೇ. ಇನ್ನೊಂದ್ಸಲ ಬಾಟ್ಲಿ ಸೂಟ್‌ಕೇಸಲ್ಲೇ ಒಡೆದು ಬಂತು, ಏರ್‌ಲೈನ್‌ನವ್ರು ಒಂದು ರೂಪಾಯಿ ಕೊಡ್ಲಿಲ್ಲ. ಇಲ್ಲೇ ಒಂದು ಅಂಗಡೀಲಿ ಸಿಸಿಲಿಯ ಬಿಳಿ ವೈನ್ ಮೂರೂವರೆ ಸಾವಿರಕ್ಕೆ ತಗೊಂಡ್ರೆ ಬಿಸಿಲಿಗೆ ನಿಂತೂ ನಿಂತೂ ಒಳಗೆಲ್ಲ ಕಂದು ಬಣ್ಣ, ವಾಪಸ್ಸೂ ತಗೊಳ್ಲಿಲ್ಲ.

ಮದೇರಾ ಲೆಕ್ಕಾನೇ ಬೇರೆ. ಆ ವೈನನ್ನ ಅಲ್ಲೇ ಬೇಯಿಸಿ ಬಿಟ್ಟಿರ್ತಾರೆ. ಕಮ್ಮಿ ರೇಟಿಂದಾದ್ರೆ ಎಸ್ಟುಫಾ ಅನ್ನೋ ಬಿಸಿ ಮಾಡೋ ಟ್ಯಾಂಕಲ್ಲಿ 45-50 ಡಿಗ್ರೀಲಿ ಮೂರು ತಿಂಗ್ಳಾದ್ರೂ, ಒಳ್ಳೇದಾದ್ರೆ ಅಟ್ಟದ ಮೇಲಿನ ಪೀಪಾಯಿಗಳಲ್ಲಿ ವರ್ಷಗಟ್ಲೆ. ಹಿಂದೆ ಹಡಗಲ್ಲಿ ನಮ್ಮ ಇಂಡಿಯಾಗೆ ಬಂದು, ಮಾರಾಟ ಆಗ್ದೆ ವಾಪಸ್ ಹೋದ ಪೀಪಾಯಿಗಳ ರುಚಿ ಜಾಸ್ತಿ ಅಂತ ಗೊತ್ತಾಗಿ, ಆಮೇಲೆ ಬೇಕಂತ್ಲೇ ಸುತ್ತಾಡಿಸಿ ತಂದು ವಿನ್ಯು ದ ರೋಡ ಅಂತ ಜಾಸ್ತಿ ಬೆಲೆಗೆ ಮಾರ್ತಿದ್ರು. ಅಂಥದ್ದಕ್ಕೆ ಬೆಂಗಳೂರಿನ ಏಪ್ರಿಲ್ ಏನ್ ಮಾಡುತ್ತೆ? ತೆಗೆದ ಬಾಟ್ಲಿ ನಮ್ಮ ಅಡುಗೆಮನೆ ಶೆಲ್ಫಲ್ಲಿ ತಿಂಗಳುಗಟ್ಲೆ ಕೂತಿತ್ತು, ಏನೂ ಆಗ್ಲಿಲ್ಲ. ಹತ್ತು ವರ್ಷದ್ದು 30 ಯೂರೋ ಚಿಲ್ರೆ, ಅಂದ್ರೆ ಮೂರು ಸಾವಿರ ಚಿಲ್ರೆ ಅಂತಿಟ್ಕೊಳ್ಳಿ, 40 ಎಂಎಲ್ ಹಾಕಿದ್ರೆ ಹದಿನೆಂಟು ಗ್ಲಾಸ್, ತಲೆಗೆ ಇನ್ನೂರೂ ಬೀಳಲ್ಲ.

ಮದೇರಾದಲ್ಲಿ ದ್ರಾಕ್ಷಿ ಹೆಸರಿನ ಬಗೆಗಳು ಸೆರ್ಸಿಯಲ್, ವೆರ್ಡೆಲ್ಯು, ಬೋಲ್, ಮಾಲ್ವಸಿಯಾ, ಸಿಹಿ ಕಮ್ಮಿಯಿಂದ ಜಾಸ್ತಿಗೆ ಇದೇ ಕ್ರಮ, ಆದ್ರೆ ಒಂದೇ ರಾತ್ರಿ ನಾಲ್ಕೂ ಬೇಡ, ಒಂದು ಸಿಟ್ಟಿಂಗಿಗೆ ಒಂದೇ. ಸೆರ್ಸಿಯಲ್ ಜೊತೆ ಕಾಣೆ ರವಾ ಫ್ರೈ, ಮಾಲ್ವಸಿಯಾ ಜೊತೆ ಕಾಯಿ ಹೋಳಿಗೆ. ಲೀಟರಿಗೆ 100 ಗ್ರಾಂ ಆಸುಪಾಸು ಸಕ್ಕರೆ ಇದ್ರೂ ಹೋಳಿಗೆ ಜೊತೆ ಬಾಯಿ ಕಟ್ಟಲ್ಲ, ಯಾಕಂದ್ರೆ ಕೆಳಗಡೆ ಹುಳಿ ಹಾಗೇ ನಿಂತಿರುತ್ತೆ. ಈ ಹುಳಿ ನಾಲಿಗೆಗೆ ಒಗ್ಗೋವರ್ಗೂ ಬೇರೆ ದ್ವೀಪ ಮುಟ್ಟಲಿಲ್ಲ.

ಆಮೇಲೆ ಅದೇ ಅಸಿರ್ಟಿಕೊ, ಅದೇ ಜನ. ಕುಡಿಯೋ ಅರ್ಧ ಗಂಟೆ ಮುಂಚೆ ಫ್ರಿಡ್ಜಿಂದ ತೆಗೆದು ಜಗ್ಗಿಗೆ ಸುರಿದೆ, 12-13 ಡಿಗ್ರಿ ಇರ್ಬೇಕು. ಯಾರೂ ನಿಂಬೆಹಣ್ಣು ಅನ್ಲಿಲ್ಲ, ಬಾಟ್ಲಿ ಮಾರನೇ ದಿನಕ್ಕೆ ಉಳೀಲೂ ಇಲ್ಲ. ಗಾಳಿಗೆ ಹೆದರಿ ಬಳ್ಳೀನ ನೆಲದ ಮೇಲೆ ಬುಟ್ಟಿ ಥರ ಸುತ್ತಿ ಬೆಳೆಸೋ ಊರು ಅದು, ಇಳುವರಿ ತೀರಾ ಕಮ್ಮಿ, ಹಾಗಾಗಿ ರೇಟಿನ ಬಗ್ಗೆ ನಂದೇನೂ ತಕರಾರಿಲ್ಲ. ದುಡ್ಡಿಗೆ ಮೋಸ ಇಲ್ಲ ಅಂದ್ರೆ ಸ್ಪೇನಿನ ಕ್ಯಾನರಿ ದ್ವೀಪಗಳಲ್ಲೊಂದಾದ ಲಾಂಜರೋಟೆ. 1730ರಿಂದ 36ರವರೆಗೆ ಜ್ವಾಲಾಮುಖಿ ಉಗುಳಿದ ಕಪ್ಪು ಬೂದೀಲಿ ಗುಂಡಿ ತೋಡಿ, ಗುಂಡಿಗೊಂದು ಬಳ್ಳಿ, ಸುತ್ತ ಅರ್ಧಚಂದ್ರದ ಕಲ್ಲುಗೋಡೆ, ಇಷ್ಟೆಲ್ಲ ಮಾಡಿದ ಮಾಲ್ವಸಿಯಾ ನಮ್ಗೆ 18 ಯೂರೋ ಹತ್ರ ಸಿಕ್ತು.

ತರೋರಿಗೆ ಒಂದು ಮಾತು: ಇಂಡಿಯಾಗೆ ಡ್ಯೂಟಿ ಫ್ರೀ ತರೋಕಾಗೋದು 2 ಲೀಟರ್. ಎಲ್ರೂ ಎರಡು 750 ತಂದು ಅರ್ಧ ಲೀಟರ್ ಬಿಟ್ಟು ಬರ್ತಾರೆ. ಸಾಂಟೊರಿನಿಯ ಸಿಹಿ ವೈನ್ ವಿನ್ಸಾಂಟೊ, ಇಟಲಿಯ ಪಾಂಟೆಲೇರಿಯಾ ದ್ವೀಪದ ಸಿಹಿ ವೈನ್ ಪಾಸಿಟೊ 500 ಎಂಎಲ್ ಬಾಟ್ಲೀಲಿ ಸಿಗುತ್ತೆ, ಲೆಕ್ಕ ಸರಿಯಾಗಿ ಕೂರುತ್ತೆ. ಒಡೀದಂಗೆ ಹೇಗೆ ಪ್ಯಾಕ್ ಮಾಡ್ತೀನಿ, ಮದೇರಾ ಯಾವ ಅಂಗಡೀಲಿ ತಗೊಳ್ತೀನಿ ಅನ್ನೋದು ಕೇಳ್ಬೇಡಿ, ಹೇಳಲ್ಲ.

ಮಧ್ಯೆ ಒಂದು ಹುಚ್ಚು ಪ್ರಯೋಗಾನೂ ಆಯ್ತು. ಪೋರ್ಚುಗಲ್‌ದೇ ಆದ ಅಜೋರ್ಸ್ ದ್ವೀಪಗಳಲ್ಲಿ ಇಸಬೆಲ್ಲಾ ದ್ರಾಕ್ಷೀಲಿ ವಿನ್ಯು ದ ಶೈರು ಅಂತ ಮನೆ ವೈನ್ ಮಾಡ್ತಾರೆ, ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿ ಅದೇ ತಳಿ. ಸರಿ, ಅದನ್ನ ಮದೇರಾ ಥರ ಬಿಸಿಗೆ ಇಟ್ಟು ನೋಡೋಣ ಅಂತ ಇಲ್ಲಿಂದೇ ಸಿಹಿ ವೈನ್ ತಂದು, ಕೆಲವಕ್ಕೆ ಬ್ರಾಂಡಿ ಬೆರೆಸಿ, ಕೆಲವಕ್ಕೆ ಏನೂ ಹಾಕ್ದೆ, ತಾರಸಿ ಶೀಟ್ ರೂಮಲ್ಲಿ ಬೇಸಿಗೆ ಪೂರ್ತಿ ಇಟ್ಟೆ. ಬ್ರಾಂಡಿ ಹಾಕ್ದೇ ಇದ್ದಿದ್ದು ವಿನೆಗರ್, ಮನೇಲಿ ಉಪ್ಪಿನಕಾಯಿಗೂ ಬೇಡ ಅಂದ್ರು. ಹಾಕಿದ್ದು ಸೀದ ಬೆಲ್ಲದ ವಾಸನೆ ಹಿಡೀತು, ಆದ್ರೆ ಆ ದ್ರಾಕ್ಷಿ ಘಾಟು ಮಾತ್ರ ಹೋಗ್ಲಿಲ್ಲ. ಗುಂಪಲ್ಲಿ ಒಬ್ರು ಕಣ್ಣು ಮುಚ್ಚಿ ಕುಡಿದು "ಐದು ವರ್ಷದ ಬೋಲ್" ಅಂದ್ರು, ಅವ್ರಿಗೆ ಇವತ್ತಿಗೂ ಹೇಳಿಲ್ಲ. ಈ ಬೇಸಿಗೇಲಿ ಬ್ರಾಂಡಿ ಸ್ವಲ್ಪ ಜಾಸ್ತಿ ಹಾಕಿ ನೋಡ್ತೀನಿ.