ದೂರದ ಎರಡು ನಗರಗಳ ನಡುವಿನ ವಿಮಾನ ದೂರ: ಮೊದಲು ದಾರ, ಆಮೇಲೆ ಲೆಕ್ಕ

ಲಂಡನ್‌ನಿಂದ ಟೋಕಿಯೊಗೆ ವಿಮಾನ ಎಷ್ಟು ದೂರ ಹಾರಬೇಕು? ಗೋಡೆಯ ಭೂಪಟದ ಮೇಲೆ ಸ್ಕೇಲಿಟ್ಟು ಅಳೆದರೆ ಉತ್ತರ ತಪ್ಪುತ್ತದೆ. ದುಂಡನೆಯ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸಿದಾಗ ದೂರಗಳು ಹಿಗ್ಗಿ ಕುಗ್ಗುತ್ತವೆ. ಅಲ್ಲಿ ನೇರವಾಗಿ ಕಾಣುವ ಗೆರೆ ಹತ್ತಿರದ ದಾರಿಯೂ ಅಲ್ಲ.

ಮೊದಲು ಗ್ಲೋಬ್ ತೆಗೆದುಕೊಳ್ಳಿ. ಎರಡೂ ನಗರಗಳ ಮೇಲೆ ದಾರದ ತುದಿಗಳನ್ನು ಒತ್ತಿ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಜಾರಿ, 71 ಡಿಗ್ರಿ ಅಕ್ಷಾಂಶದ ಹತ್ತಿರದವರೆಗೆ ಏರಿ, ಮತ್ತೆ ಟೋಕಿಯೊ ಕಡೆಗೆ ಇಳಿಯುತ್ತದೆ. ಇದೇ ಮಹಾವೃತ್ತದ (ಭೂಮಿಯನ್ನು ಸರಿಯಾಗಿ ಎರಡು ಸಮಭಾಗ ಮಾಡುವ ವೃತ್ತದ) ದಾರಿ, ಅತಿ ಕಡಿಮೆ ದೂರದ್ದು. 30 ಸೆಂ.ಮೀ. ವ್ಯಾಸದ ಗ್ಲೋಬಿನಲ್ಲಿ ದಾರದ 1 ಸೆಂ.ಮೀ. ಸುಮಾರು 425 ಕಿ.ಮೀ.ಗೆ ಸಮ. ಇಲ್ಲಿ ದಾರ 22.5 ಸೆಂ.ಮೀ. ಆಸುಪಾಸು ಬರಬೇಕು. ಒಂದೇ ಮಿಲಿಮೀಟರ್ ತಪ್ಪಿದರೂ 42 ಕಿ.ಮೀ. ವ್ಯತ್ಯಾಸ, ಹಾಗಾಗಿ ಲೆಕ್ಕವೂ ಬೇಕು.

ಲೆಕ್ಕಕ್ಕೆ ಎರಡೂ ಕಡೆಯ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಲಂಡನ್: 51.5 ಉತ್ತರ, 0.1 ಪಶ್ಚಿಮ. ಟೋಕಿಯೊ: 35.7 ಉತ್ತರ, 139.7 ಪೂರ್ವ. ದಕ್ಷಿಣಕ್ಕೂ ಪಶ್ಚಿಮಕ್ಕೂ ಮೈನಸ್ ಹಾಕಿ. ರೇಖಾಂಶಗಳ ಅಂತರ 139.8.

1. ಎರಡೂ ಅಕ್ಷಾಂಶಗಳ ಸೈನ್ ಗುಣಿಸಿ: 0.4567.

2. ಎರಡೂ ಅಕ್ಷಾಂಶಗಳ ಕೊಸೈನ್ ಗುಣಿಸಿ, ಬಂದದ್ದನ್ನು ರೇಖಾಂಶದ ಅಂತರದ ಕೊಸೈನ್‌ನಿಂದ ಗುಣಿಸಿ: ಮೈನಸ್ 0.3861.

3. ಎರಡನ್ನೂ ಕೂಡಿಸಿ: 0.0706. ಇದರ ವಿಲೋಮ ಕೊಸೈನ್ (ಕ್ಯಾಲ್ಕುಲೇಟರಿನಲ್ಲಿ cos⁻¹) 85.95 ಡಿಗ್ರಿ.

4. ಮಹಾವೃತ್ತದ ಒಂದು ಡಿಗ್ರಿ ಸುಮಾರು 111.2 ಕಿ.ಮೀ., ಹಾಗಾಗಿ ಅದನ್ನು 111.2ರಿಂದ ಗುಣಿಸಿದರೆ ಸುಮಾರು 9,560 ಕಿ.ಮೀ.

ಉತ್ತರ ವಿಚಿತ್ರವಾಗಿ ಬಂದರೆ ಮೊದಲು ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದೆಯೇ ನೋಡಿ, ಡಿಗ್ರಿಯಲ್ಲಿರಬೇಕು. 51 ಡಿಗ್ರಿ 30 ನಿಮಿಷ ಎಂದರೆ 51.5, 51.30 ಅಲ್ಲ. ಎಲ್ಲಕ್ಕಿಂತ ದುಬಾರಿ ತಪ್ಪು ಮೈನಸ್ ಮರೆಯುವುದು: ಟೋಕಿಯೊ–ಲಾಸ್ ಏಂಜಲೀಸ್ ಲೆಕ್ಕದಲ್ಲಿ ಪಶ್ಚಿಮದ ಮೈನಸ್ ಬಿಟ್ಟರೆ ಸುಮಾರು 8,800 ಕಿ.ಮೀ. ಇರಬೇಕಾದ ದೂರ 2,000 ಕಿ.ಮೀ.ಗೂ ಕಡಿಮೆ ಬರುತ್ತದೆ. ಭೂಮಿ ಧ್ರುವಗಳಲ್ಲಿ ತುಸು ಚಪ್ಪಟೆ ಇರುವುದರಿಂದ ಸರಿಯಾದ ಲೆಕ್ಕದಲ್ಲೂ ಶೇ 0.5ರವರೆಗೆ ವ್ಯತ್ಯಾಸ ಬರಬಹುದು. ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ನಗರದ ಬದಲು ವಿಮಾನ ನಿಲ್ದಾಣದ ಅಂಕಿಗಳನ್ನೇ ಹಾಕುವುದು ಉತ್ತಮ. ಟೋಕಿಯೊದ ನರಿಟಾ ನಿಲ್ದಾಣ ನಗರದ ನಡುಭಾಗದಿಂದ ಸುಮಾರು 60 ಕಿ.ಮೀ. ಆಚೆಗಿದೆ. ವಿಮಾನಯಾನದ ನಾಟಿಕಲ್ ಮೈಲಿ ಬೇಕಿದ್ದರೆ ಕಿಲೋಮೀಟರನ್ನು 1.852ರಿಂದ ಭಾಗಿಸಿ, ಇಲ್ಲಿ ಸುಮಾರು 5,160.

ಇಷ್ಟಾದರೂ ಸಿಕ್ಕಿದ್ದು ಕನಿಷ್ಠ ದೂರ ಮಾತ್ರ. ಗಂಟೆಗೆ 900 ಕಿ.ಮೀ. ವೇಗದಲ್ಲಿ ಇದು ಹತ್ತೂವರೆ ಗಂಟೆ ಚಿಲ್ಲರೆಯ ಹಾದಿ. ಏರಲು, ಇಳಿಯಲು ಇನ್ನಷ್ಟು ಸಮಯ ಹಿಡಿಯುತ್ತದೆ, ಎದುರುಗಾಳಿಯಿದ್ದರೆ ಮತ್ತಷ್ಟು. ಮೇಲಾಗಿ ನಮ್ಮ ದಾರ ಹಾದುಹೋಗುವುದು ರಷ್ಯಾದ ಮೇಲೆ. 2022ರಲ್ಲಿ ಬ್ರಿಟನ್ನಿನ ವಿಮಾನಗಳಿಗೆ ಆ ವಾಯುಪ್ರದೇಶ ಮುಚ್ಚಿತು; ಜಪಾನಿನ ಸಂಸ್ಥೆಗಳೂ ಅದನ್ನು ತಪ್ಪಿಸಿ ಹಾರತೊಡಗಿದವು. ಮೊದಲು ಸುಮಾರು 12 ಗಂಟೆಯಲ್ಲಿ ಮುಗಿಯುತ್ತಿದ್ದ ಹಾರಾಟ ಈ ಸುತ್ತುದಾರಿಯಿಂದ 14 ಗಂಟೆಯ ಆಸುಪಾಸಿಗೆ ಏರಿತು.