ಕೋಳಿ ಶೆಡ್ಡಿನಲ್ಲಿ ಆಂಟಿಬಯೋಟಿಕ್ ಕಡಿಮೆ ಮಾಡುವುದು ಹೇಗೆ?

ದಾವಣಗೆರೆ ಸುತ್ತ ಮೆಕ್ಕೆಜೋಳ ಬೇಕಾದಷ್ಟು ಬೆಳೆಯುತ್ತದೆ, ಶೆಡ್ಡಿನ ನೆಲಕ್ಕೆ ಹಾಸಲು ಅಕ್ಕಿ ಗಿರಣಿಗಳಲ್ಲಿ ಹೊಟ್ಟೂ ಸಿಗುತ್ತದೆ. ಕೋಳಿ ಸಾಕುವವರಿಗೆ ಇನ್ನೇನು ಬೇಕು? ಆದರೆ ಮರಿ ಇಳಿಸಿದ ದಿನವೇ ನೀರಿಗೆ ಆಂಟಿಬಯೋಟಿಕ್ ಪುಡಿ ಬೆರೆಸುವ ರೂಢಿ ಇದೆ ನೋಡಿ, ಅದನ್ನು ಬಿಡಬೇಕು. ರೋಗವೇ ಇಲ್ಲದೆ ಸುಮ್ನೆ ಕೊಟ್ಟ ಔಷಧಿಯಿಂದ ಕೋಳಿಯ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಮೆದುವಾದವು ಸಾಯುತ್ತವೆ, ಗಟ್ಟಿಯಾದವು ಉಳಿಯುತ್ತವೆ. ಕರುಳಲ್ಲಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾಗೆ ಅನುಕೂಲ ಸಿಕ್ಕರೆ 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಔಷಧಿ ತಡೆಯುವ ಜೀನನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸುತ್ತದೆ.

ಮೊದಲು ಔಷಧಿ ಡಬ್ಬಿ ತೆಗೆದು ಹೆಸರು ಓದಿ. ಕೊಲಿಸ್ಟಿನ್ ಅಂತ ಇದ್ದರೆ ಬಳಸಲೇಬೇಡಿ. ಬೇರೆ ಯಾವ ಔಷಧಿಯೂ ನಾಟದ ರೋಗಿಗೆ ಡಾಕ್ಟರು ಕೊನೆಗೆ ಕೊಡುವುದು ಇದನ್ನೇ. ಇದನ್ನೂ ತಡೆಯುವ, ಒಂದರಿಂದ ಒಂದಕ್ಕೆ ದಾಟುವ ಎಂಸಿಆರ್-1 ಜೀನ್ ಚೀನಾದಲ್ಲಿ ಸಿಕ್ಕಿದ್ದು 2015ರಲ್ಲಿ ವರದಿಯಾಯಿತು. 2019ರ ಜುಲೈನಲ್ಲಿ ನಮ್ಮ ಕೇಂದ್ರ ಸರ್ಕಾರ ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು.

ಆಮೇಲೆ ಹೊಟ್ಟು. ನನ್ನ ಮಟ್ಟಿಗೆ ಅರ್ಧ ಕೆಲಸ ಇಲ್ಲೇ ಇದೆ. ನೀರಿನ ಡ್ರಿಂಕರ್ ಕೆಳಗಿಂದ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಚುಕಿ. ಕೈ ಬಿಚ್ಚಿದಾಗ ಉಂಡೆಯಾಗಿಯೇ ಕೂತರೆ ಒದ್ದೆ ಜಾಸ್ತಿ. ಸ್ವಲ್ಪ ಅಂಟಿ ಉದುರಿದರೆ ಸರಿ. ಕಣ್ಣು ಉರಿಯುವಷ್ಟು ಘಾಟು ಬಂದರೆ ಕೋಳಿಯ ಉಸಿರಾಟಕ್ಕೆ ಆಗಲೇ ಪೆಟ್ಟು ಬಿದ್ದಿದೆ ಎಂದೇ ತಿಳಿಯಿರಿ. ಸೋರುವ ನಿಪ್ಪಲ್ ರಿಪೇರಿ ಮಾಡಿಸಿ, ಒದ್ದೆ ಹೊಟ್ಟು ತೆಗೆದು ಒಣಗಿದ್ದು ಹಾಕಿ, ಪರದೆ ಎತ್ತಿ ಗಾಳಿ ಬಿಡಿ.

ಮೊದಲ ವಾರ ಮರಿಗಳಿಗೆ ಸುಮಾರು 32ರಿಂದ 34 ಡಿಗ್ರಿ ಬಿಸಿ ಬೇಕು. ಬಲ್ಬಿನ ಕೆಳಗೆ ಗುಂಪುಗಟ್ಟಿದರೆ ಚಳಿ, ದೂರ ಓಡಿದರೆ ಸೆಕೆ. ಬ್ಯಾಚ್ ಮುಗಿದ ಮೇಲೆ ನೀರಿನ ಪೈಪಿನ ಒಳಗಿನ ಲೋಳೆ ತೊಳೆಯುವುದನ್ನು ಮರೆಯಬೇಡಿ. ಕೊಕ್ಕರೆ ರೋಗ, ಗಂಬೋರೊ ಎರಡೂ ವೈರಸ್‌ನಿಂದ ಬರುವವು. ಇವುಗಳ ಮೇಲೆ ಆಂಟಿಬಯೋಟಿಕ್ ಕೆಲಸವೇ ಮಾಡುವುದಿಲ್ಲ, ಲಸಿಕೆಯೇ ಬೇಕು.

ಇಷ್ಟಾದರೂ ಕೋಳಿ ಸಾಯತೊಡಗಿದರೆ ಅಂಗಡಿಗೆ ಓಡಬೇಡಿ. ಆಗಷ್ಟೇ ಸತ್ತ ಕೋಳಿಯನ್ನು ಪಶುವೈದ್ಯರಿಗೆ ತೋರಿಸಿ, ಸೆನ್ಸಿಟಿವಿಟಿ ಟೆಸ್ಟ್ ಮಾಡಿಸಲು ಕೇಳಿ. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಔಷಧಿ ಹೀರಿದ ಚಿಕ್ಕ ಚಿಕ್ಕ ಬಿಲ್ಲೆಗಳನ್ನು ಮೇಲಿಡುತ್ತಾರೆ. ಔಷಧಿ ನಾಟಿದ ಕಡೆ ಬಿಲ್ಲೆಯ ಸುತ್ತ ತಿಳಿ ಉಂಗುರ ಬಿದ್ದಿರುತ್ತದೆ. ನಾಟದ ಕಡೆ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಹಬ್ಬಿರುತ್ತದೆ. ಒಮ್ಮೆ ಕಣ್ಣಾರೆ ನೋಡಿ, ದುಡ್ಡು ಎಲ್ಲಿ ಪೋಲಾಗುತ್ತಿತ್ತು ಅಂತ ಗೊತ್ತಾಗುತ್ತದೆ ಅಲ್ವಾ?

ವೈದ್ಯರು ಹೇಳಿದ ಅಳತೆ, ಹೇಳಿದಷ್ಟು ದಿನ ಕೊಡಿ. ಔಷಧಿ ನಿಲ್ಲಿಸಿದ ಮೇಲೆ, ಲೇಬಲ್‌ನಲ್ಲಿ ಬರೆದಷ್ಟು ದಿನ ಕಳೆಯುವ ತನಕ ಆ ಕೋಳಿ ಮಾರಬೇಡಿ.

ಕೊನೆಗೆ ಗೊಬ್ಬರ. ಶೆಡ್ಡಿನಿಂದ ತೆಗೆದದ್ದನ್ನು ಹಸಿಯಾಗಿಯೇ ಚನ್ನಗಿರಿ ಕಡೆಯ ಅಡಿಕೆ ತೋಟಕ್ಕೆ ಕಳಿಸಿದರೆ ಆ ಗಟ್ಟಿ ಬ್ಯಾಕ್ಟೀರಿಯಾಗಳೂ ಜೊತೆಗೇ ಹೋಗುತ್ತವೆ. ರಾಶಿ ಹಾಕಿ, ಹದವಾಗಿ ನೀರು ಚಿಮುಕಿಸಿ, ಒಳಗೆ ಕಾವು ಏರಲು ಬಿಡಿ. ಹೊರಗಿನದು ಒಳಗೆ ಹೋಗುವಂತೆ ಆಗಾಗ ಮಗುಚಿ. ಮಗುಚಿದರೂ ಕಾವು ಏರದಂತಾದ ಮೇಲೆ ತೋಟಕ್ಕೆ ಕಳಿಸಿ.